ಕರಾಮದ ಕಾಗದ – 23: ಸಿಹಿ ಮಾತನ್ನೂ ಬಡಿದು ನೋಡಬೇಕು

ಹೋದ ಸಲ ಇಲ್ಲಿನ ಮೀನು ಮಾರ್ಕೆಟ್ಟಿನ ಬಂಗುಡೆ ರೇಟಿನ ಬಗ್ಗೆ ಬರೆದು ನಿಮ್ಮನ್ನೆಲ್ಲ ನಗಿಸಿದ್ದೆ. ಈ ಸಲ ನಗಿಸುವ ವಿಷಯ ಅಲ್ಲ, ಸ್ವಲ್ಪ ಉದ್ದವೂ ಉಂಟು. ಒಂದು ಚಾ ಇಟ್ಟುಕೊಂಡು ಪುರುಸೊತ್ತಲ್ಲಿ ಓದಿ.

ಮೊನ್ನೆ ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಬಂದು ಫೋನ್ ನೋಡಿದರೆ ಮೂಲ್ಕಿಯಿಂದ ದೊಡ್ಡಮ್ಮನ ವಾಯ್ಸ್ ಮೆಸೇಜು. ಮೊದಲು ಮಾಮೂಲಿ ಸಮಾಚಾರ, ಮಳೆ, ಗೇಟಿನ ಹತ್ತಿರದ ಹಲಸಿನ ಮರ. ಆಮೇಲೆ ಸ್ವರ ಸಣ್ಣ ಮಾಡಿ ಕೇಳಿದರು: "ಮಗಾ, ನಮ್ಮ ಗ್ರೂಪಿಗೆ ಒಬ್ಬರು ಪ್ರಸಂಗಿಯ ವಿಡಿಯೋ ಬಂದಿದೆ. ನಿಜವಾಗಿ ನಂಬಿದವರು ಸೂಜಿ ಮಾತ್ರೆ ಬಿಟ್ಟೇ ಬಿಡ್ತಾರೆ ಅಂತ ಹೇಳ್ತಾರೆ. ಅವರು ಬರುವ ತಿಂಗಳು ಈ ಕಡೆ ಬರ್ತಾರಂತೆ. ನಾನು ಈಗಲೇ ಇನ್ಸುಲಿನ್ ನಿಲ್ಲಿಸಿದರೆ ಆಗ್ತದಾ?"

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ದಾಟಿತು. ಅವರಿಗೆ ಕೂಡಲೇ ಫೋನ್ ಮಾಡಿ ಮಾತಾಡಿದ್ದೇನೆ. ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. "ಬರೆ ಮಗಾ, ನನ್ನ ಹಾಗೆ ಎಷ್ಟು ಜನ ಕೇಳದೆ ಕೂತಿರಬಹುದು" ಅಂದರು. ಆ ಮಾತೇ ನನ್ನ ತಲೆಯಲ್ಲಿ ಕೂತಿದೆ. ಕೇಳಿದವರು ಬಚಾವ್. ಕೇಳದೆ ಬಿಟ್ಟವರ ಗತಿ ಏನು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದೇವರ ಹೆಸರಿನಲ್ಲಿ ಬರುವ ಮಾತನ್ನು ಪರೀಕ್ಷೆ ಮಾಡುವುದು ಅವಿಶ್ವಾಸ ಅಲ್ಲ. ಅದು ಸಭೆಯ ಪ್ರತಿಯೊಬ್ಬರ ಕೆಲಸ. ಅದನ್ನು ಬರೀ ಅಯ್ಯನವರ ಮೇಲೆ ಹಾಕಿ ನಾವು ಕೈ ಕಟ್ಟಿ ಕೂತದ್ದರಿಂದಲೇ ಇಷ್ಟು ಮನೆಗಳು ಹಾಳಾಗುತ್ತಿವೆ.

ಇದನ್ನು ಹೇಳಲು ನಾನು ಯಾರು ಅಂತ ಕೇಳಬಹುದು. ಮೋಸ ಹೋದವಳು ನಾನು. ಅಮ್ಮನಿಗೂ ಅಣ್ಣನಿಗೂ ಇದು ಇವತ್ತು ಮೊದಲ ಸಲ ಗೊತ್ತಾಗುವುದು. ಅಮ್ಮ, ಬೇಜಾರು ಮಾಡಬೇಡ.

ನಾನು ದುಬೈಗೆ ಬಂದು ಎರಡನೇ ವರ್ಷ. ಇವರಿಗೆ ಇನ್ನೂ ವೀಸಾ ಆಗಿರಲಿಲ್ಲ. ಊರಲ್ಲಿ ಮನೆ ಸಾಲದ ಕಂತು, ಇಲ್ಲಿ ಕರಾಮದಲ್ಲಿ ಒಂದು ರೂಮಿನಲ್ಲಿ ನಾಲ್ಕು ಜನ, ಮಂಚಕ್ಕೊಂದು ಪರದೆ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದು ಪರದೆ ಎಳೆದರೆ ನಮ್ಮ ಪ್ರಪಂಚ ಅಷ್ಟೇ. ಆಗ ಒಬ್ಬರು ಪರಿಚಯದ ಅಕ್ಕ ತಮ್ಮ ಫ್ಲಾಟಿನಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಕರೆದರು. ಕನ್ನಡ ಹಾಡು, ಕೊನೆಯಲ್ಲಿ ಅನ್ನ, ಸಾರು, ಒಣಮೀನು ಚಟ್ನಿ. ನಿಜ ಹೇಳಬೇಕಾದರೆ ಮೊದಲ ವಾರ ಹೋದದ್ದು ಆ ಅನ್ನಕ್ಕೇ.

ಒಂದು ದಿನ ಹೊರಗಿಂದ ಒಬ್ಬರು ಪ್ರಸಂಗಿ ಬಂದಿದ್ದರು. ಒಳ್ಳೆ ಮಾತುಗಾರ. ಮಧ್ಯದಲ್ಲಿ ಕಣ್ಣು ಮುಚ್ಚಿ ನಿಂತು, "ಇಲ್ಲಿ ಒಬ್ಬಳು ತಂಗಿ ಇದ್ದಾಳೆ. ಗಂಡ ದೂರದಲ್ಲಿ. ಒಂದು ಕಾಗದ ಮೂರು ಸಲ ತಿರಸ್ಕಾರ ಆಗಿದೆ. ಮನೆಯ ಮೇಲೆ ಸಾಲದ ಭಾರ. ದೇವರು ನಿನ್ನ ಕಣ್ಣೀರು ಎಣಿಸಿದ್ದಾನೆ" ಅಂದರು. ನನ್ನ ಕೈಕಾಲು ನಡುಗಿತು. ಅವರಿಗೆ ನನ್ನ ಹೆಸರು ಕೂಡ ಗೊತ್ತಿಲ್ಲ, ಇದೆಲ್ಲ ಹೇಗೆ ಗೊತ್ತು? ನಾನು ಅಳುತ್ತಾ ಎದ್ದು ನಿಂತೆ. ಆಮೇಲೆ ಅವರು ನಿಧಾನವಾಗಿ, ಬಹಳ ಪ್ರೀತಿಯಿಂದ ಹೇಳಿದರು, ಬಿತ್ತದೆ ಬೆಳೆ ಬರುವುದಿಲ್ಲ, ನಿನಗೆ ನೋವಾಗುವಷ್ಟು ದೊಡ್ಡ ಬೀಜ ಹಾಕು ಅಂತ. ಮರುವಾರ ನಾನು ಐದು ಸಾವಿರ ದಿರ್ಹಮ್ ಒಂದು ಕವರಿನಲ್ಲಿ ಹಾಕಿ ಕೊಟ್ಟೆ. ಊರಿನ ಲೆಕ್ಕದಲ್ಲಿ ಆಗಿನ ಸುಮಾರು ಒಂದು ಲಕ್ಷ ರೂಪಾಯಿ. ಕೈಯಲ್ಲಿ ಇರಲಿಲ್ಲ, ಕ್ರೆಡಿಟ್ ಕಾರ್ಡಿನಿಂದ ತೆಗೆದದ್ದು. ಆ ಸಾಲ ತೀರಿಸಲು ಹದಿಮೂರು ತಿಂಗಳು ಬೇಕಾಯಿತು. ಆ ವರ್ಷ ಕ್ರಿಸ್ಮಸ್ಸಿಗೆ ಊರಿಗೆ ಬರಲಿಲ್ಲ ಅಲ್ವಾ, "ರಜೆ ಸಿಗಲಿಲ್ಲ" ಅಂದದ್ದು ಸುಳ್ಳು. ಟಿಕೆಟಿಗೆ ದುಡ್ಡಿರಲಿಲ್ಲ.

ಅವರಿಗೆ ಹೇಗೆ ಗೊತ್ತಾಯಿತು? ಆರು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಫೋನಿನಲ್ಲಿ ಹಳೆ ಮೆಸೇಜು ಅಳಿಸುತ್ತಾ ಕೂತಿದ್ದೆ. ಕೂಟದ ವಾಟ್ಸ್ಆಪ್ ಗ್ರೂಪಿನಲ್ಲಿ ನಾನೇ ಬರೆದ ಪ್ರಾರ್ಥನಾ ವಿನಂತಿ ಕಣ್ಣಿಗೆ ಬಿತ್ತು. ಗಂಡನ ವೀಸಾ ಮೂರು ಸಲ ರಿಜೆಕ್ಟ್ ಆಗಿದೆ, ಮನೆ ಸಾಲ ಇದೆ, ದಯವಿಟ್ಟು ಪ್ರಾರ್ಥಿಸಿ. ಅವರು ಬರುವುದಕ್ಕೆ ಹನ್ನೊಂದು ದಿನ ಮೊದಲು ಹಾಕಿದ್ದು. ಗ್ರೂಪಿನ ಸದಸ್ಯರ ಪಟ್ಟಿ ನೋಡಿದೆ. ಅವರ ನಂಬರು ಅದರಲ್ಲಿತ್ತು.

ಆಗ ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ನಾಚಿಕೆ ಹೆಚ್ಚು. ಬಿಎಸ್ಸಿ ನರ್ಸಿಂಗ್ ಓದಿದವಳು, ಎರಡು ಗುರುತು ಕೇಳದೆ ಪೇಶೆಂಟಿಗೆ ಒಂದು ಪ್ಯಾರಾಸಿಟಮಾಲ್ ಕೊಡದವಳು, ಇಷ್ಟು ಸುಲಭಕ್ಕೆ ಬಿದ್ದೆನಲ್ಲ ಅಂತ. ಯಾರಿಗೂ ಹೇಳಲಿಲ್ಲ. ಮೋಸ ಮಾಡುವವರಿಗೆ ಬೇಕಾದದ್ದು ಇದೇ. ನಮ್ಮ ನಾಚಿಕೆಯೇ ಅವರ ಕಾವಲುಗಾರ.

ಆಮೇಲೆ ಓದಿ ತಿಳಿದುಕೊಂಡೆ, ಇದು ಬಹಳ ಹಳೆ ಆಟ. ಅಮೆರಿಕದಲ್ಲಿ ಪೀಟರ್ ಪೊಪೊಫ್ ಅಂತ ಒಬ್ಬ ಟಿವಿ ಪ್ರಸಂಗಿ ಇದ್ದ. ಸಾವಿರಾರು ಜನರ ಮಧ್ಯೆ ಗುರುತಿಲ್ಲದವರ ಹೆಸರು, ವಿಳಾಸ, ಕಾಯಿಲೆ ಎಲ್ಲ ಹೇಳುತ್ತಿದ್ದ. 1986ರಲ್ಲಿ ಜೇಮ್ಸ್ ರ‍್ಯಾಂಡಿ ಅನ್ನುವ ಜಾದೂಗಾರ ಮತ್ತು ಅವನ ಸಂಗಡಿಗರು ರೇಡಿಯೋ ಸ್ಕ್ಯಾನರ್ ಹಿಡಿದು ಕೂತರು. ಪೊಪೊಫ್‌ನ ಕಿವಿಯಲ್ಲಿ ಒಂದು ಸಣ್ಣ ರಿಸೀವರ್ ಇತ್ತು. ಹಿಂದಿನಿಂದ ಅವನ ಹೆಂಡತಿ, ಜನರು ಮೊದಲೇ ಬರೆದುಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಓದಿ ಹೇಳುತ್ತಿದ್ದಳು. ಆ ರೆಕಾರ್ಡಿಂಗನ್ನು ಟಿವಿಯಲ್ಲಿ ಎಲ್ಲರಿಗೂ ಕೇಳಿಸಿದರು. ಮರುವರ್ಷ ಅವನು ದಿವಾಳಿ ಎಂದು ಘೋಷಿಸಿಕೊಂಡ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೆಲವು ವರ್ಷ ಬಿಟ್ಟು ಅವನು ಮತ್ತೆ ಟಿವಿಗೆ ಬಂದ, ಅದ್ಭುತದ ನೀರು ಹಂಚಲು ಶುರು ಮಾಡಿದ, ಜನ ಮತ್ತೆ ದುಡ್ಡು ಕಳಿಸಿದರು. ಮೋಸ ಬಯಲಾದರೆ ಸಾಕು, ಜನ ಎಚ್ಚರ ಆಗುತ್ತಾರೆ ಅಂತ ನಾವು ತಿಳಿಯುತ್ತೇವೆ. ಅದು ಸರಿಯಲ್ಲ. ಕಷ್ಟ ಇರುವವರೆಗೆ ಸಿಹಿ ಮಾತಿಗೆ ಗಿರಾಕಿ ಇದ್ದೇ ಇರುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ದಿನ ನನಗೆ ಹೇಳಿದ ಮಾತಿನಲ್ಲಿ ಹೆಚ್ಚಿನದ್ದು ಸುಳ್ಳಲ್ಲ. ಗಂಡ ದೂರ ಇದ್ದದ್ದು ನಿಜ, ಸಾಲ ನಿಜ, ದೇವರು ಕಣ್ಣೀರು ನೋಡುತ್ತಾನೆ ಎನ್ನುವುದನ್ನು ನಾನು ಈಗಲೂ ನಂಬುತ್ತೇನೆ. ಹತ್ತರಲ್ಲಿ ಒಂಬತ್ತು ನಿಜ, ಒಂದು ಸುಳ್ಳು. ಆ ಒಂದನ್ನು ನುಂಗಿಸಲಿಕ್ಕೆ ಉಳಿದ ಒಂಬತ್ತು. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಇದನ್ನೇ ಎಚ್ಚರಿಸುತ್ತಾನೆ. ಅಲ್ಲಿ ಅವನು ಬಳಸುವ ಗ್ರೀಕ್ ಪದ ಪಿಥನೊಲೊಗಿಯ, ಅಂದರೆ ಮನಸ್ಸಿಗೆ ಒಪ್ಪಿಗೆಯಾಗುವ ಹಾಗೆ ಜೋಡಿಸಿದ ಮಾತು. ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಅದೊಂದೇ ಕಡೆ. ಕೊಲೊಸ್ಸೆ ಈಗಿನ ಟರ್ಕಿ ದೇಶದಲ್ಲಿದ್ದ ಸಣ್ಣ ಪಟ್ಟಣ, ಪಕ್ಕದ ಲವೊದಿಕೀಯದ ಎದುರು ಏನೂ ಅಲ್ಲ. ಅಲ್ಲಿ ಸಭೆ ಕಟ್ಟಿದವನು ಆ ಊರಿನವನೇ ಆದ ಎಪಫ್ರ. ಪೌಲ ಆ ಸಭೆಯವರ ಮುಖ ನೋಡಿದವನೂ ಅಲ್ಲ. ಆದರೂ ಅಷ್ಟು ದೂರದಿಂದ ಕಾಳಜಿ ಮಾಡಿ ಬರೆದ. ದುಬೈಯಲ್ಲಿ ಕೂತು ಊರಿನವರಿಗೆ ಬರೆಯುವ ನನಗೆ ಅದನ್ನು ಓದುವಾಗ ಸ್ವಲ್ಪ ಧೈರ್ಯ ಬರುತ್ತದೆ.

ಈಗ ಇನ್ಸುಲಿನ್ ವಿಷಯಕ್ಕೆ ಬರುತ್ತೇನೆ. ಇದು ನನ್ನ ಕೆಲಸದ ವಿಷಯ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಮಕ್ಕಳಿಗೆ, ಹರೆಯದವರಿಗೆ ಹೆಚ್ಚಾಗಿ ಬರುವ ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಂಥವರು ಸೂಜಿ ಬಿಟ್ಟರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಆಮ್ಲ ಏರಿ, ವಾಂತಿ, ಹೊಟ್ಟೆನೋವು, ಏದುಸಿರು, ಕೊನೆಗೆ ಪ್ರಜ್ಞೆ ತಪ್ಪುವವರೆಗೆ ಹೋಗುತ್ತದೆ. ಜೀವವೇ ಹೋಗಬಹುದು. ದೊಡ್ಡಮ್ಮನದ್ದು ಟೈಪ್ 2. ಅದರಲ್ಲಿ ಸೂಜಿ ಬಿಟ್ಟ ದಿನವೇ ಏನೂ ಕಾಣಿಸದೆ ಇರಬಹುದು. ಅಪಾಯ ಇರುವುದು ಅಲ್ಲೇ. ಎರಡು ದಿನ ಆರಾಮ ಇರುತ್ತದೆ, "ನೋಡಿ, ನಾನು ಗುಣವಾದೆ" ಅಂತ ಸಾಕ್ಷಿ ಹೇಳಿಯೂ ಆಗುತ್ತದೆ. ಸಕ್ಕರೆ ಮಾತ್ರ ಒಳಗೆ ಏರುತ್ತಾ ಇರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಆಮೇಲೆ ಮಾತು ತೊದಲುವುದು, ಮಂಪರು. ಕಾಲಿನ ಸಣ್ಣ ಗಾಯ ಕೊಳೆಯುವುದು. ಆಸ್ಪತ್ರೆಗೆ ತರುವ ಹೊತ್ತಿಗೆ ಸಾಕ್ಷಿ ಹೇಳಿಸಿದವರು ಬೇರೆ ಊರಿನಲ್ಲಿ ಇರುತ್ತಾರೆ. ಮೆಡಿಕಲ್ ವಾರ್ಡಿನ ಮಂಚದ ಪಕ್ಕ ನಿಂತು ಆ ಮನೆಯವರ ಮುಖ ನೋಡುವವರು ನಾವು. ಯಾರು, ಎಲ್ಲಿ ಅಂತ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ.

ಇನ್ನೊಂದು ಉಂಟು, ಉಪವಾಸ ಪ್ರಾರ್ಥನೆ. ಸೂಜಿ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿಯುತ್ತದೆ. 70ರ ಕೆಳಗೆ ಹೋದರೆ ಬೆವರು, ನಡುಕ, ತಲೆ ಸುತ್ತು. ಕೂಟದಲ್ಲಿ ಹಾಗೆ ನಡುಗಿ ಬಿದ್ದವರನ್ನು "ಆತ್ಮ ಬಂತು" ಅಂತ ಸುಮ್ಮನೆ ಮಲಗಿಸುವುದೂ ಉಂಟು. ಅವರಿಗೆ ಆಗ ಬೇಕಾದದ್ದು ಮೂರು ಚಮಚ ಸಕ್ಕರೆ ಹಾಕಿದ ನೀರು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆ. ಉಪವಾಸ ಮಾಡಬೇಕೆಂದರೆ ಡಾಕ್ಟರನ್ನು ಕೇಳಿ ಮಾಡಿ. ಇಲ್ಲಿ ರಂಜಾನ್ ಬರುವ ಮೊದಲೇ ಎಷ್ಟೋ ಮುಸ್ಲಿಂ ಪೇಶೆಂಟುಗಳು ಬಂದು ಔಷಧಿಯ ಹೊತ್ತು ಬದಲಾಯಿಸಿಕೊಂಡು ಹೋಗುತ್ತಾರೆ. ಅದರಿಂದ ಅವರ ಭಕ್ತಿ ಏನೂ ಕಡಿಮೆ ಆದದ್ದು ನಾನು ನೋಡಲಿಲ್ಲ.

"ವೇದಿಕೆಯ ಮೇಲೆ ಕೋಲು ಬಿಸಾಡಿ ನಡೆದದ್ದು ನಾನೇ ನೋಡಿದ್ದೇನೆ" ಅಂತ ಹೇಳುವವರು ಇದ್ದಾರೆ. ನಾನೂ ನೋಡಿದ್ದೇನೆ. ಹಾಡು, ಚಪ್ಪಾಳೆ, ಸಾವಿರ ಜನರ ಕಣ್ಣು. ಆ ಉದ್ವೇಗದಲ್ಲಿ ದೇಹ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ. ಆಟದಲ್ಲಿ ಕಾಲು ಮುರಿದರೂ ಓಡಿದವರ ಹಾಗೆ. ಕೇಳಬೇಕಾದ ಪ್ರಶ್ನೆ ಮರುದಿನ ಬೆಳಿಗ್ಗೆಯದ್ದು. ಮೂರು ತಿಂಗಳ ಮೇಲೆ ಅವರು ಹೇಗಿದ್ದಾರೆ? ಆಸ್ಪತ್ರೆಯಲ್ಲಿ ಒಂದು ಮಾತ್ರೆ ಕೊಟ್ಟರೂ ನಾವು ಅರ್ಧ ಗಂಟೆ ಬಿಟ್ಟು ಹೋಗಿ ನೋಡಿ ಬರೆಯಬೇಕು. ವೇದಿಕೆಯಲ್ಲಿ ಮಾತ್ರ ಹಾಗೆ ಹೋಗಿ ನೋಡುವವರು ಯಾರೂ ಇಲ್ಲ.

ದೇವರು ಗುಣ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಾನು ಪ್ರತಿ ಡ್ಯೂಟಿಗೆ ಮೊದಲು ಪ್ರಾರ್ಥನೆ ಮಾಡುವವಳು. ಆದರೆ ಯೇಸು ಸ್ವಾಮಿ ಕುಷ್ಠರೋಗಿಗಳನ್ನು ಏನು ಮಾಡಲು ಹೇಳಿದರು? ಹೋಗಿ ಯಾಜಕರಿಗೆ ತೋರಿಸಿ ಅಂದರು. ಆ ಕಾಲದಲ್ಲಿ ಚರ್ಮ ನೋಡಿ ಗುಣವಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುತ್ತಿದ್ದವರು ಯಾಜಕರು. ಅಂದರೆ ಸ್ವಾಮಿಯೇ ತಾನು ಮಾಡಿದ ಅದ್ಭುತವನ್ನು ಚೆಕ್ ಮಾಡಿಸಲು ಕಳಿಸಿದರು. ನಿಜವಾದ ಅದ್ಭುತಕ್ಕೆ ಲ್ಯಾಬ್ ರಿಪೋರ್ಟಿನ ಹೆದರಿಕೆ ಇಲ್ಲ. ಮತ್ತೆ ನೋಡಿ, ಆ ಸಿಹಿ ಮಾತಿನ ಎಚ್ಚರಿಕೆ ಇರುವ ಕೊಲೊಸ್ಸೆಯವರ ಪತ್ರದಲ್ಲೇ, ಕೊನೆಯ ಅಧ್ಯಾಯದಲ್ಲಿ, ಪೌಲನು ಲೂಕನನ್ನು ಪ್ರಿಯ ವೈದ್ಯ ಅಂತ ಕರೆಯುತ್ತಾನೆ. ವೈದ್ಯನ ಹತ್ತಿರ ಹೋಗುವುದು ಅವಿಶ್ವಾಸ ಆಗಿದ್ದರೆ ಪೌಲ ಒಬ್ಬ ವೈದ್ಯನನ್ನು ಹಾಗೆ ಜೊತೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ತಿಮೊಥೆಯನ ಹೊಟ್ಟೆ ಸರಿಯಿಲ್ಲದಾಗಲೂ ಅವನು ಹೇಳಿದ್ದು ಆಗಿನ ಕಾಲದ ಮನೆಮದ್ದೇ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೂ ಉಂಟು. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಅಪಸ್ಮಾರ ಇವೆಲ್ಲ ಆ ಪಟ್ಟಿಯಲ್ಲಿವೆ. ಮಂತ್ರ ತಂತ್ರದಿಂದ ಇವನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಹಾಕುವ ಹಾಗಿಲ್ಲ. ಯಾವ ಧರ್ಮದವರಾದರೂ ಅಷ್ಟೇ.

ನಮ್ಮ ವಾರ್ಡಿನಲ್ಲಿ ಕೆನ್ಯಾದ ಒಬ್ಬಳು ಸಿಸ್ಟರ್ ಇದ್ದಾಳೆ. 2023ರ ಏಪ್ರಿಲಿನಲ್ಲಿ ಒಂದು ರಾತ್ರಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಫೋನ್ ಹಿಡಿದು ಅಳುತ್ತಿದ್ದಳು. ಅವಳ ದೇಶದ ಶಾಕಹೋಲ ಅನ್ನುವ ಕಾಡಿನಿಂದ ಹೆಣಗಳನ್ನು ಅಗೆದು ತೆಗೆಯುತ್ತಿದ್ದ ಸುದ್ದಿ. ಪಾಲ್ ಮೆಕೆಂಜಿ ಎನ್ನುವ ಪ್ರಸಂಗಿ, ಉಪವಾಸ ಮಾಡಿ ಸತ್ತರೆ ಯೇಸುವನ್ನು ಕಾಣಬಹುದು ಎಂದು ತನ್ನವರಿಗೆ ಬೋಧಿಸಿದ ಎನ್ನುವುದು ಅವನ ಮೇಲಿನ ಆರೋಪ. ಸಿಕ್ಕಿದ ಹೆಣಗಳು 400ಕ್ಕೂ ಹೆಚ್ಚು, ಅದರಲ್ಲಿ ತುಂಬ ಮಕ್ಕಳು. "ಅವರು ಹುಚ್ಚರಲ್ಲ. ನಮ್ಮ ಹಾಗೆ ಮಾಮೂಲಿ ಜನ. ಮೊದಲು ಆಸ್ಪತ್ರೆ ಬೇಡ ಅಂದ, ಆಮೇಲೆ ಮಕ್ಕಳಿಗೆ ಶಾಲೆ ಬೇಡ ಅಂದ, ಕೊನೆಗೆ ಊಟ ಬೇಡ ಅಂದ" ಅಂತ ಹೇಳಿದಳು. ನಮ್ಮಲ್ಲಿ ಆ ಮಟ್ಟಕ್ಕೆ ಹೋಗುವುದಿಲ್ಲ ಅಂತ ನೀವು ಹೇಳಬಹುದು. ಆದರೆ ಆ ಮೆಟ್ಟಿಲಿನ ಮೊದಲನೆಯದ್ದು ದೊಡ್ಡಮ್ಮನ ವಿಡಿಯೋದಲ್ಲಿ ಇತ್ತಲ್ಲ.

ಇನ್ನು ದುಡ್ಡಿನ ವಿಷಯ. ನನ್ನ ಐದು ಸಾವಿರ ಹೋದ ಮೇಲೆ ಅದೇ ಕೂಟದಲ್ಲಿ ಎರಡನೇ ಸುತ್ತು ಶುರುವಾಯಿತು. ದೇವರ ರಾಜ್ಯಕ್ಕಾಗಿ ಒಂದು ವ್ಯಾಪಾರ, ಹಾಕಿದ್ದು ಒಂದೂವರೆ ವರ್ಷದಲ್ಲಿ ಡಬ್ಬಲ್. ನನ್ನ ಕೈ ಆಗಲೇ ಖಾಲಿಯಾಗಿದ್ದರಿಂದ ಬಚಾವಾದೆ, ಬುದ್ಧಿಯಿಂದ ಅಲ್ಲ. ನನ್ನ ಒಬ್ಬಳು ಗೆಳತಿ ತಂಗಿಯ ಮದುವೆಗೆ ಇಟ್ಟದ್ದನ್ನು ಹಾಕಿದಳು. ಒಂದು ಪೈಸೆ ವಾಪಸು ಬರಲಿಲ್ಲ. ಇದೂ ಹೊಸತಲ್ಲ. 1990ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಗ್ರೇಟರ್ ಮಿನಿಸ್ಟ್ರೀಸ್ ಅನ್ನುವ ಸಂಸ್ಥೆ, ಕೊಟ್ಟರೆ ನಿಮಗೂ ಕೊಡಲ್ಪಡುವುದು ಎಂಬ ಲೂಕನ ಸುವಾರ್ತೆಯ ಬೋಧನೆಯನ್ನೇ ಹಿಡಿದು, ಹಣ ಎರಡರಷ್ಟು ಆಗುತ್ತದೆ ಎಂದು ಸಾವಿರಾರು ಭಕ್ತರಿಂದ ಕೋಟಿಗಟ್ಟಲೆ ಡಾಲರ್ ಸಂಗ್ರಹಿಸಿತು. ಮೊದಲು ಹಾಕಿದವರಿಗೆ ಆಮೇಲೆ ಬಂದವರ ದುಡ್ಡು ಕೊಟ್ಟು ನಡೆಸಿದ್ದು. 2001ರಲ್ಲಿ ಅದರ ಮುಖ್ಯಸ್ಥರು ತಪ್ಪಿತಸ್ಥರೆಂದು ತೀರ್ಪಾಯಿತು, ಜೈಲಾಯಿತು. ಎಷ್ಟೋ ಜನ ಮನೆ ಅಡವಿಟ್ಟು ಹಾಕಿದ್ದರು.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಈ ದೇಶದಲ್ಲಿ ದೇಣಿಗೆ ಸಂಗ್ರಹಿಸುವುದಕ್ಕೆ ಕಾನೂನು ಬಹಳ ಸ್ಪಷ್ಟ ಉಂಟು, 2021ರ 3ನೇ ಫೆಡರಲ್ ಕಾನೂನು. ಪರವಾನಗಿ ಇಲ್ಲದೆ ಯಾರೂ ಜನರಿಂದ ದೇಣಿಗೆ ಎತ್ತುವ ಹಾಗಿಲ್ಲ. ಮುಸ್ಲಿಮೇತರ ಆರಾಧನಾ ಸ್ಥಳಗಳಿಗೂ 2023ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ಕರಾಮದಿಂದ ನಡೆದು ಹೋಗುವ ದೂರದಲ್ಲಿ ಊದ್ ಮೇಥಾದಲ್ಲಿ ಸೇಂಟ್ ಮೇರೀಸ್ ಉಂಟು, ಹೋಲಿ ಟ್ರಿನಿಟಿ ಉಂಟು. ಬಾಗಿಲು ತೆರೆದ, ಅಧಿಕೃತ ಜಾಗಗಳು. ಈ ದೇಶದವರು ನಮಗೆ ಆರಾಧನೆಗೆ ಜಾಗ ಕೊಟ್ಟಿದ್ದಾರೆ. ಅದನ್ನು ಬಿಟ್ಟು ಪರದೆ ಹಿಂದೆ, ರಸೀದಿ ಇಲ್ಲದ ಕವರಿನಲ್ಲಿ ಕೊಟ್ಟ ದುಡ್ಡಿಗೆ ಯಾರನ್ನು ಕೇಳುವುದು? ನಾನು ಕೇಳಲು ಹೋಗದೆ ಇರಲು ಇದೂ ಒಂದು ಕಾರಣ. ನಾನೂ ಸರಿ ಇರಲಿಲ್ಲ.

ನಮ್ಮ ಊರಿನ ಬೆಳೆ ಹಬ್ಬ ನೆನಪು ಮಾಡಿಕೊಳ್ಳಿ. ಒಂದು ತೆಂಗಿನಕಾಯಿ ಏಲಂ ಆದರೂ ಇಂಥವರು ಇಷ್ಟಕ್ಕೆ ಕೂಗಿದರು ಅಂತ ಪುಸ್ತಕದಲ್ಲಿ ಬರೆದು, ಮುಂದಿನ ಭಾನುವಾರ ಸಭೆಯ ಎದುರು ಓದುತ್ತಾರೆ. ಚಿಕ್ಕವಳಿದ್ದಾಗ ಅದು ಎಷ್ಟು ಬೋರ್ ಅನಿಸುತ್ತಿತ್ತು! ಕುಂಬಳಕಾಯಿಗೆ ಎಷ್ಟು, ಬಾಳೆಗೊನೆಗೆ ಎಷ್ಟು ಅಂತ ಕೇಳಿ ಕೇಳಿ ನಿದ್ದೆ ಬರುತ್ತಿತ್ತು. ಈಗ ಅನಿಸುತ್ತದೆ, ಆ ಬೋರ್ ಹೊಡೆಸುವ ಲೆಕ್ಕವೇ ನಮ್ಮನ್ನು ಕಾಯುತ್ತಿದ್ದದ್ದು.

ಇಷ್ಟು ಹೇಳಿದಾಗ ಬರುವ ಉತ್ತರ ನನಗೆ ಗೊತ್ತು. "ದೇವರ ಅಭಿಷಿಕ್ತರನ್ನು ಮುಟ್ಟಬಾರದು." ನನಗೂ ಹಾಗೇ ಹೇಳಿದರು. ಈ ಮಾತಿಗೆ ಹೆಚ್ಚಾಗಿ ತೋರಿಸುವುದು ದಾವೀದ ಮತ್ತು ಸೌಲರ ಕಥೆ. ಕಥೆ ಪೂರ್ತಿ ಓದಿ. ದಾವೀದ ಸೌಲನನ್ನು ಕೊಲ್ಲಲಿಲ್ಲ, ಅದು ಹೌದು. ಆದರೆ ಗುಹೆಯಿಂದ ಹೊರಗೆ ಬಂದು, ಬಟ್ಟೆಯ ಅಂಚು ಕೈಯಲ್ಲಿ ಹಿಡಿದು, ಎಲ್ಲರ ಎದುರು ಗಟ್ಟಿ ಸ್ವರದಲ್ಲಿ ರಾಜನ ತಪ್ಪನ್ನು ಹೇಳಿದ. ಮುಟ್ಟಬಾರದು ಅಂದರೆ ಕತ್ತಿ ಎತ್ತಬಾರದು ಅಂತ. ಪ್ರಶ್ನೆ ಕೇಳಬಾರದು ಅಂತ ಅಲ್ಲ. ಬೆರೋಯದವರು ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡಿದರು, ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಸಿಕ್ಕಿದ್ದು ಹೊಗಳಿಕೆ. ಪೌಲನನ್ನೇ ಪರೀಕ್ಷೆ ಮಾಡಬಹುದಾದರೆ ವಿಡಿಯೋದಲ್ಲಿ ಬಂದವರನ್ನು ಮಾಡಬಾರದಾ?

ಯೆರೆಮೀಯನ ಪುಸ್ತಕದಲ್ಲಿ ಹನನ್ಯನ ಕಥೆ ಉಂಟು. ಎರಡೇ ವರ್ಷದಲ್ಲಿ ಬಾಬೆಲಿನ ನೊಗ ಮುರಿದು ಎಲ್ಲರೂ ವಾಪಸು ಬರುತ್ತಾರೆ ಅಂತ ದೇವಾಲಯದಲ್ಲಿ ಎಲ್ಲರ ಎದುರು ಹೇಳಿದವನು. ಯೆರೆಮೀಯ ಏನು ಮಾಡಿದ? ಮೊದಲು ಆಮೆನ್ ಅಂದ! ಹಾಗೇ ಆಗಲಿ ಅಂತ ಅವನಿಗೂ ಆಸೆ. ಆದರೆ ಆಸೆ ಬೇರೆ, ಸತ್ಯ ಬೇರೆ ಅಂತ ಅವನಿಗೆ ಗೊತ್ತಿತ್ತು. ಹನನ್ಯನ ಮಾತು ಸುಳ್ಳಾಯಿತು. ನನಗೆ ಈ ಕಥೆ ಯಾಕೆ ಇಷ್ಟ ಅಂದರೆ, ಸುಳ್ಳು ಪ್ರವಾದಿ ಅಂದ ಕೂಡಲೇ ನಾವು ಕೆಟ್ಟ ಮುಖದವನನ್ನು ಊಹಿಸುತ್ತೇವೆ. ಹನನ್ಯ ಹೇಳಿದ್ದು ಎಲ್ಲರೂ ಕೇಳಬೇಕೆಂದಿದ್ದ ಮಾತು.

ಹಳೆ ಕಾಲದ ಸಭೆಯವರು ಇದರಲ್ಲಿ ನಮಗಿಂತ ಜೋರು ಇದ್ದರು. ದಿದಾಖೆ, ಅಂದರೆ ಹನ್ನೆರಡು ಅಪೊಸ್ತಲರ ಬೋಧನೆ, ಎನ್ನುವ ಬಹಳ ಹಳೆಯ ಕ್ರೈಸ್ತ ಕೈಪಿಡಿ ಒಂದು ಉಂಟು. ಶತಮಾನಗಳ ಕಾಲ ಕಾಣೆಯಾಗಿದ್ದದ್ದು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿ 1883ರಲ್ಲಿ ಅಚ್ಚಾಯಿತು. ಊರೂರು ತಿರುಗುವ ಪ್ರಸಂಗಿಗಳನ್ನು ಹೇಗೆ ಗುರುತಿಸುವುದು ಅಂತ ಅದರಲ್ಲಿ ಇದೆ. ಬಂದವನನ್ನು ಪ್ರೀತಿಯಿಂದ ಒಳಗೆ ಕರೆಯಿರಿ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ, ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆತ್ಮದಲ್ಲಿ ಊಟ ಬಡಿಸಿ ಅಂತ ಹೇಳಿ ತಾನೇ ಉಂಡರೆ ಅವನೂ ಅಷ್ಟೇ. ಓದುವಾಗ ನಗು ಬಂತು ನನಗೆ. ಎಷ್ಟೋ ಅನುಭವ ಆದ ಮೇಲೆ ಬರೆದ ಹಾಗಿದೆ! ಹದಿನೆಂಟು ಹತ್ತೊಂಬತ್ತು ನೂರು ವರ್ಷ ಹಿಂದೆಯೂ ಇದೇ ಗೋಳು.

ಈಗ ನ್ಯಾಯವಾಗಿ ಇನ್ನೊಂದು ಕಡೆಯೂ ಹೇಳಬೇಕು. ಇದನ್ನು ಓದಿ "ಆ ಹೊಸ ಸಭೆಗಳವರೆಲ್ಲ ಹೀಗೇ" ಅಂತ ಯಾರೂ ಹೇಳಬೇಡಿ. 2020ರಲ್ಲಿ ಕೊರೊನಾ ಸಮಯದಲ್ಲಿ ನಮ್ಮ ರೂಮಿನ ಇಬ್ಬರಿಗೆ ಪಾಸಿಟಿವ್ ಆಗಿ ಒಳಗೆ ಬಿದ್ದಿದ್ದಾಗ, ದಿನಾ ಬಾಗಿಲಿಗೆ ಗಂಜಿ, ಔಷಧಿ ತಂದಿಟ್ಟು ಹೋದವರು ಒಬ್ಬ ಪೆಂತೆಕೋಸ್ತ್ ಪಾಸ್ಟರ್ ಮತ್ತು ಅವರ ಹೆಂಡತಿ. ಒಂದು ದಿರ್ಹಮ್ ತೆಗೆದುಕೊಳ್ಳಲಿಲ್ಲ. ನಮ್ಮ ಹಳೆ ಸಭೆಗಳೂ ಸಾಚಾ ಅಲ್ಲ. ನಮ್ಮ ಸಿಹಿ ಮಾತು ಬೇರೆ ರೀತಿಯದ್ದು. "ಸಭೆಯ ಮಾನ ಹೋಗಬಾರದು", "ಹೊರಗಿನವರು ನಗಬಾರದು", "ಶಾಂತಿಗಾಗಿ ಸುಮ್ಮನಿರೋಣ". ಈ ಮೂರು ಮಾತಿನ ಅಡಿಯಲ್ಲಿ ಎಷ್ಟು ಲೆಕ್ಕ, ಎಷ್ಟು ಹೆಣ್ಣುಮಕ್ಕಳ ದೂರು ಮುಚ್ಚಿಹೋಗಿದೆ ಅಂತ ಹಿರಿಯರಿಗೆ ಗೊತ್ತು. ಬಡಿದು ನೋಡುವುದಾದರೆ ಎರಡು ಕಡೆಯೂ ಬಡಿಯಬೇಕು.

ಮತ್ತೆ, ಎಲ್ಲವನ್ನೂ ಸಂಶಯ ಪಡುವುದೂ ಒಂದು ಕಾಯಿಲೆ. ಆ ಘಟನೆ ಆದ ಮೇಲೆ ಸುಮಾರು ಒಂದು ವರ್ಷ ನಾನು ಯಾವ ಚರ್ಚಿಗೂ ಹೋಗಲಿಲ್ಲ. ಯಾರಾದರೂ "ನಿನಗಾಗಿ ಪ್ರಾರ್ಥಿಸುತ್ತೇನೆ" ಅಂದರೆ ಇವರಿಗೆ ಎಷ್ಟು ಬೇಕಂತೆ ಅಂತ ಮನಸ್ಸಿನಲ್ಲೇ ಕೇಳುತ್ತಿದ್ದೆ. ಹಣ ಹೋದದ್ದಕ್ಕಿಂತ ಅದು ದೊಡ್ಡ ನಷ್ಟ. ಸುಳ್ಳು ಹೇಳುವವರು ಕದಿಯುವುದು ನಿಜ ಹೇಳುವವರ ಮೇಲಿನ ನಂಬಿಕೆಯನ್ನು.

ಹಾಗಾದರೆ ಏನು ಮಾಡುವುದು? ನಾನು ವಾರ್ಡಿನ ಅಭ್ಯಾಸವನ್ನೇ ಮನೆಗೆ ತಂದಿದ್ದೇನೆ. ಇನ್ಸುಲಿನ್ ಕೊಡುವಾಗ ಒಬ್ಬ ನರ್ಸ್ ಎಳೆದದ್ದನ್ನು ಇನ್ನೊಬ್ಬ ನರ್ಸ್ ಬೇರೆಯಾಗಿ ನೋಡಬೇಕು. ಇಪ್ಪತ್ತು ವರ್ಷ ಸರ್ವಿಸ್ ಆದ ಸೀನಿಯರ್ ಕೂಡ ತನ್ನ ಸಿರಿಂಜನ್ನು ಹೊಸ ಹುಡುಗಿಗೆ ತೋರಿಸಬೇಕು. ಅದಕ್ಕೆ ಯಾರೂ "ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಮುಖ ಊದಿಸುವುದಿಲ್ಲ. ತೋರಿಸದೆ ಓಡುವವರ ಮೇಲೆಯೇ ಸಂಶಯ ಬರುವುದು. ಹಾಗೆಯೇ ಯಾರಾದರೂ ದೇವರು ನಿನಗೆ ಹೀಗೆ ಹೇಳಿದ್ದಾನೆ ಅಂದರೆ, ನಾನು ಕೂಡಲೇ ಏನೂ ಮಾಡುವುದಿಲ್ಲ. ಒಂದು ವಾರ ಬಿಡುತ್ತೇನೆ. ದೇವರ ಮಾತು ಒಂದು ವಾರದಲ್ಲಿ ಹಳಸುವುದಿಲ್ಲ. ನನಗೆ ಹತ್ತಿರದ, ಆ ಕೂಟಕ್ಕೆ ಸಂಬಂಧ ಇಲ್ಲದ ಇಬ್ಬರಿಗೆ ಹೇಳುತ್ತೇನೆ. "ಯಾರಿಗೂ ಹೇಳಬೇಡ" ಅನ್ನುವ ಷರತ್ತು ಬಂದರೆ ಅಲ್ಲಿಗೆ ಮುಗಿಯಿತು. ದುಡ್ಡಾದರೆ ರಸೀದಿ ಕೇಳುತ್ತೇನೆ. ಔಷಧಿ ನಿಲ್ಲಿಸು ಅಂದರೆ, "ಸರಿ, ಡಾಕ್ಟರಿಗೆ ಇದನ್ನು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ" ಅಂತ ಕೇಳಿ. ಸಹಿ ಹಾಕುವವರು ಒಬ್ಬರೂ ಸಿಗಲಿಕ್ಕಿಲ್ಲ. ಪ್ರಾರ್ಥನಾ ವಿನಂತಿಯನ್ನು ಇನ್ನೂರು ಜನರ ಗ್ರೂಪಿಗೆ ಹಾಕುವ ಬದಲು ಗೊತ್ತಿರುವ ಇಬ್ಬರಿಗೆ ಹೇಳಿ. ದೇವರಿಗೆ ವಾಟ್ಸ್ಆಪ್ ಬೇಡ.

ಊರಿನ ಸಭೆಯವರಿಗೆ ಒಂದು ಬೇಡಿಕೆ. ಸ್ತ್ರೀ ಅನ್ಯೋನ್ಯ ಕೂಟದಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ಇಂಥದ್ದನ್ನು ಮುಕ್ತವಾಗಿ ಮಾತಾಡುವ ಹಾಗೆ ಮಾಡಿ. ಗ್ರೂಪಿಗೆ ಬಂದ ವಿಡಿಯೋ ಹಾಕಿ, ಎಲ್ಲರೂ ಸೇರಿ ನೋಡಿ, ಬೈಬಲ್ ತೆಗೆದು ಓದಿ. ಒಬ್ಬಳೇ ಕೂತು ನೋಡಿದ ವಿಡಿಯೋ ಬೇರೆ, ಹತ್ತು ಜನ ಹೆಂಗಸರು ಕೂತು ನೋಡಿದ ವಿಡಿಯೋ ಬೇರೆ. ಮೋಸ ಹೋದವರು ಬಂದು ಹೇಳಿದರೆ ದಯವಿಟ್ಟು ನಗಬೇಡಿ, "ಓದಿದವಳು ಹೀಗೆ ಮಾಡಬಹುದಾ" ಅನ್ನಬೇಡಿ. ಅಂಥ ಒಂದು ಮಾತಿಗೆ ಹೆದರಿ ನಾನು ಇಷ್ಟು ವರ್ಷ ಬಾಯಿ ಮುಚ್ಚಿ ಕೂತೆ. ಆ ಸಮಯದಲ್ಲಿ ಅದೇ ಪ್ರಸಂಗಿ ಇನ್ನು ಎಷ್ಟು ಜನರ ಕವರು ತೆಗೆದುಕೊಂಡರೋ. ಆ ಲೆಕ್ಕದಲ್ಲಿ ನನ್ನದೂ ಪಾಲುಂಟು.

ನಮ್ಮ ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ನಿಮಗೆಲ್ಲ ಗೊತ್ತು. ಬಾಸೆಲ್ ಮಿಷನಿನವರು 1865ರಲ್ಲಿ ಶುರು ಮಾಡಿದ ಕಾರ್ಖಾನೆ. ಮಳೆಗಾಲಕ್ಕೆ ಮೊದಲು ಮನೆಯ ಹಂಚು ತೆಗೆದು ಜೋಡಿಸುವಾಗ ಅಜ್ಜ ಒಂದೊಂದನ್ನೂ ಎತ್ತಿ ಬೆರಳಿನ ಗಂಟಿನಿಂದ ಬಡಿದು ಕಿವಿಗೊಡುತ್ತಿದ್ದರು. ಗಟ್ಟಿ ಹಂಚು ಠಣ್ ಅನ್ನುತ್ತದೆ. ಬಿರುಕು ಇದ್ದದ್ದು, ನೋಡಲಿಕ್ಕೆ ಎಷ್ಟು ಚಂದ ಇದ್ದರೂ, ಡಬ್ ಅಂತ ಸತ್ತ ಸ್ವರ ಕೊಡುತ್ತದೆ. "ಒಳ್ಳೆ ಹಂಚಿಗೆ ಬಡಿದರೆ ನೋವಾಗುವುದಿಲ್ಲ ಮಗಾ" ಅನ್ನುತ್ತಿದ್ದರು.

ದೊಡ್ಡಮ್ಮ, ನಿನ್ನೆ ರಾತ್ರಿ ಫೋಟೋ ಕಳಿಸಿದ ರಿಪೋರ್ಟ್ ನೋಡಿದೆ. ಊಟಕ್ಕೆ ಮೊದಲು 148, ಪರವಾಗಿಲ್ಲ. ಸೂಜಿ ಬಿಡಬೇಡಿ. ಪ್ರಾರ್ಥನೆಯನ್ನೂ ಬಿಡಬೇಡಿ. ಆ ಪ್ರಸಂಗಿ ಬಂದಾಗ ಹೋಗುವುದಾದರೆ ಹೋಗಿ, ಹಾಡು ಹಾಡಿ ಬನ್ನಿ, ಪರ್ಸು ಮನೆಯಲ್ಲಿಟ್ಟು ಹೋಗಿ. ಮಧ್ಯಾಹ್ನ ಊಟದ ಹೊತ್ತಾದರೆ ಎದ್ದು ಬನ್ನಿ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಕಮೆಂಟಿನಲ್ಲಿ ಬರೆಯಲು ಮುಜುಗರ ಆದರೆ ನನಗೆ ನೇರ ಮೆಸೇಜ್ ಮಾಡಿ. ಹೆಸರು ಯಾರಿಗೂ ಹೇಳುವುದಿಲ್ಲ. ನೈಟ್ ಡ್ಯೂಟಿ ಇರುವ ಕಾರಣ ಉತ್ತರ ಸ್ವಲ್ಪ ತಡ ಆಗಬಹುದು. ಮುಂದಿನ ಕಾ ಗದದಲ್ಲಿ ಇವರು ಮೊದಲ ಸಲ ದುಬೈ ಮೆಟ್ರೋದಲ್ಲಿ ದಾರಿ ತಪ್ಪಿದ ಕಥೆ. ಹೌದು, ಕೊನೆಗೂ ವೀಸಾ ಆಯಿತು. ಬೀಜ ಹಾಕಿದ್ದಕ್ಕಲ್ಲ, ಸರ್ಟಿಫಿಕೇಟಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಸರಿ ಮಾಡಿಸಿದ್ದಕ್ಕೆ.